ವಾಷಿಂಗ್ಟನ್‌ನ ಮರದ ಕಂಪನಿ ಕಾಡಲ್ಲಿ ಬೇಟೆ: ಪರ್ಮಿಟ್‌ಗೆ ದುಡ್ಡು ಕಟ್ಟುವ ಮುನ್ನ, ಕಟ್ಟುವಾಗ, ಕಟ್ಟಿದ ಮೇಲೆ

ಪ್ರತಿ ವರ್ಷ ಮೇ-ಜೂನ್ ಬಂತೆಂದರೆ ನನ್ನ ಫೋನಿಗೆ ಒಂದೇ ತರಹದ ಮೆಸೇಜು. "ಪರ್ಮಿಟ್ ಸಿಕ್ತು, ಮುಂದೇನು?" ಅಕ್ಟೋಬರ್ ಹೊತ್ತಿಗೆ ಅದೇ ಜನರಿಂದ ಬೇರೆ ಮೆಸೇಜುಗಳು. "ಗೇಟ್ ತೆಗೀತಾ ಇಲ್ಲ." "ಈ ಜಾಗಕ್ಕೆ ನನ್ನ ಟ್ಯಾಗ್ ನಡೆಯಲ್ವಂತೆ." (ಟ್ಯಾಗ್ ಅಂದರೆ ಒಂದು ಪ್ರಾಣಿ ಹೊಡೆಯಲು ರಾಜ್ಯ ಕೊಡುವ ಚೀಟಿ.) "ವೀಸಾದಲ್ಲಿ ಇರೋರು ಬಂದೂಕು ಮುಟ್ಟೋ ಹಾಗಿಲ್ವಂತೆ, ನಿಜಾನಾ?" ಅಷ್ಟರಲ್ಲಿ ನೂರಾರು ಡಾಲರ್ ಹೋಗಿರುತ್ತದೆ, ವಾಪಸ್ ಬರುವುದಿಲ್ಲ.

ಬಹುತೇಕರ ತಪ್ಪು ಒಂದೇ: ಮೊದಲು ದುಡ್ಡು ಕಟ್ಟುತ್ತಾರೆ, ಆಮೇಲೆ ಉಳಿದದ್ದನ್ನು ಹುಡುಕುತ್ತಾರೆ. ಈ ಕೆಲಸದಲ್ಲಿ ದುಡ್ಡು ಕಟ್ಟುವುದು ಐದನೇ ಹೆಜ್ಜೆ. ಮೊದಲ ನಾಲ್ಕು ಮುಗಿಯದೆ ಕಾರ್ಡ್ ಹೊರಗೆ ತೆಗೆಯಬೇಡಿ.

ಇಲ್ಲಿ ಬರೆದಿರುವುದು ವಾಷಿಂಗ್ಟನ್ ರಾಜ್ಯದ ಪಶ್ಚಿಮ ಭಾಗಕ್ಕೆ, ಅಂದರೆ ಕ್ಯಾಸ್ಕೇಡ್ ಬೆಟ್ಟಸಾಲಿನಿಂದ ಸಮುದ್ರದ ಕಡೆಗಿನ ಪ್ರದೇಶಕ್ಕೆ. ಸಿಯಾಟಲ್, ಬೆಲ್‌ವ್ಯೂ, ಒಲಂಪಿಯಾ ಸುತ್ತ ಇರುವವರು ಹೋಗುವುದು ಹೆಚ್ಚಾಗಿ ಇಲ್ಲಿಗೇ. ಆರೆಗನ್‌ನಲ್ಲೂ ದಕ್ಷಿಣದ ರಾಜ್ಯಗಳಲ್ಲೂ ನಿಯಮ ಬೇರೆ. ಭಾರತದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಹಾಗಾಗಿ ಊರಲ್ಲಿ ಕಂಡು ಕೇಳಿದ್ದು ಯಾವುದೂ ಇಲ್ಲಿ ನೆರವಿಗೆ ಬರುವುದಿಲ್ಲ. ಹೊಸದಾಗಿ ಕಲಿಯಬೇಕು.

ಶುರು ಮಾಡುವ ಮುನ್ನ: ಆ ಪರ್ಮಿಟ್ ಏನು, ಏನಲ್ಲ

ವೇಯರ್‌ಹಾಯ್ಸರ್, ರೇಯೋನಿಯರ್‌ನಂಥ ಕಂಪನಿಗಳಿಗೆ ಇಲ್ಲಿ ಡಗ್ಲಸ್ ಫರ್ ಮರಗಳ ದೊಡ್ಡ ದೊಡ್ಡ ನೆಡುತೋಪುಗಳಿವೆ. ನಮ್ಮ ಕಡೆಯ ನೀಲಗಿರಿ ನೆಡುತೋಪು ನೆನಪಿಸಿಕೊಳ್ಳಿ, ಆದರೆ ಬೆಟ್ಟದ ಮೇಲೆ ಬೆಟ್ಟ ತುಂಬುವಷ್ಟು. ನೆಟ್ಟು, ಬೆಳೆಸಿ, ಕಡಿದು, ಮತ್ತೆ ನೆಡುತ್ತಾರೆ. ಕಡಿದ ಕೆಲವು ವರ್ಷಕ್ಕೆ ಆ ಬಯಲಲ್ಲಿ ಚಿಗುರು, ಬೆರ್ರಿ ಗಿಡ ಎಲ್ಲ ಎದ್ದು ಬರುತ್ತದೆ. ಜಿಂಕೆಯೂ, ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯೂ ಮೇಯಲು ಅಲ್ಲಿಗೇ ಬರುತ್ತವೆ. ಅದಕ್ಕೇ ಈ ಜಾಗಕ್ಕೆ ಇಷ್ಟು ಬೇಡಿಕೆ.

ಕಂಪನಿ ಮಾರುವುದು ತನ್ನ ಜಮೀನಿನ ಒಳಗೆ ಕಾಲಿಡುವ ಅನುಮತಿ, ಅಷ್ಟೇ. ಬೇಟೆಯ ಹಕ್ಕು ಕೊಡುವುದು ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ. ಎರಡೂ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಹಾಗಿಲ್ಲ.

ಇನ್ನೊಂದು ಗೊಂದಲ ಡಿಸ್ಕವರ್ ಪಾಸ್ ಎಂಬ ಗಾಡಿ ಪಾಸ್‌ನದ್ದು. ಅದು ನಡೆಯುವುದು ರಾಜ್ಯ ಸರ್ಕಾರದ ಜಾಗಗಳಲ್ಲಿ. ಕಂಪನಿಯ ಗೇಟಿನ ಮುಂದೆ ಅದಕ್ಕೆ ಬೆಲೆ ಇಲ್ಲ.

1. ನಿಮ್ಮ ವೀಸಾ ಮತ್ತು ಬಂದೂಕು: ಇದನ್ನು ಎಲ್ಲಕ್ಕಿಂತ ಮೊದಲು ನೋಡಿ

ಈ ಹೆಜ್ಜೆಯನ್ನೇ ನಮ್ಮವರು ಜಾಸ್ತಿ ಬಿಟ್ಟುಬಿಡುವುದು. ಇದರಲ್ಲಿ ತಪ್ಪಿದರೆ ಪರ್ಮಿಟ್ ದುಡ್ಡಲ್ಲ, ಈ ದೇಶದಲ್ಲಿ ಇರುವುದಕ್ಕೇ ಸಂಚಕಾರ.

ಎಚ್-1ಬಿ, ಎಲ್-1, ಎಫ್-1, ಸಂದರ್ಶಕ ವೀಸಾ, ಇವೆಲ್ಲ ತಾತ್ಕಾಲಿಕ ವೀಸಾಗಳು. ಇವುಗಳಲ್ಲಿ ಇರುವವರು ಬಂದೂಕಾಗಲಿ ಗುಂಡಾಗಲಿ ತಮ್ಮ ಬಳಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಕಂಪನಿಯ ಪ್ರವೇಶ ಪರ್ಮಿಟ್ ಕೈಯಲ್ಲಿದೆ ಎಂದು ಇದನ್ನು ಮರೆಯಬೇಡಿ. ಕೈಯಲ್ಲಿರಬೇಕಾದ್ದು ರಾಜ್ಯದ ಲೈಸೆನ್ಸ್.

ಅದಾದ ಮೇಲೆ ವಾಷಿಂಗ್ಟನ್‌ನ ಸ್ವಂತ ಕಾನೂನು ಇದೆ. ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರಿಗೆ ಇಲ್ಲಿ ಬಂದೂಕು ಹೊಂದಲು ಪ್ರತ್ಯೇಕ ಲೈಸೆನ್ಸ್ ಬೇಕಾಗಬಹುದು. ಅದಕ್ಕೆ ನಿಮ್ಮ ಕೌಂಟಿಯ ಶೆರಿಫ್ ಕಚೇರಿಗೆ ಅರ್ಜಿ ಹಾಕಬೇಕು. ಇಲ್ಲಿಯೂ ಕೆಲವು ವಿನಾಯಿತಿಗಳಿವೆ, ಆದರೆ ತಪ್ಪಿದರೆ ಗಂಭೀರ ಅಪರಾಧ. ನಿಮ್ಮ ವೀಸಾಗೆ ಯಾವುದು ಅನ್ವಯಿಸುತ್ತದೆ ಎಂದು ವಲಸೆ ವಕೀಲರ ಹತ್ತಿರ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಪಕ್ಕದ ಮನೆಯವರ ಮಾತು ನಂಬಬೇಡಿ. ಈ ಬರಹವನ್ನೂ ವಕೀಲರ ಮಾತಿನ ಜಾಗದಲ್ಲಿ ಇಟ್ಟುಕೊಳ್ಳಬೇಡಿ.

ಎಚ್ಚರಿಕೆ: ಊರಿಂದ ಬಂದ ಅಪ್ಪ, ಮಾವ, ಭಾವ ಯಾರೇ ಇರಲಿ, ಸಂದರ್ಶಕ ವೀಸಾದಲ್ಲಿದ್ದವರ ಕೈಗೆ "ಸುಮ್ನೆ ಒಂದು ಫೋಟೋಗೆ" ಅಂತ ಬಂದೂಕು ಕೊಡಬೇಡಿ. ಆ ಫೋಟೋ ವಾಟ್ಸಾಪ್‌ನಲ್ಲಿ ಎಲ್ಲಿಯವರೆಗೆ ಹೋಗುತ್ತದೋ ಯಾರಿಗೆ ಗೊತ್ತು.

ಬಿಲ್ಲು ಬಂದೂಕಲ್ಲ. ಈ ತೊಡಕಿಗೆ ಸಿಲುಕುವುದು ಬೇಡ ಅನ್ನುವ ನನ್ನ ಪರಿಚಯದ ಇಬ್ಬರು ಬಿಲ್ಲುಬೇಟೆಯನ್ನೇ ಆರಿಸಿಕೊಂಡಿದ್ದಾರೆ. ಅದಕ್ಕೂ ರಾಜ್ಯದ ಲೈಸೆನ್ಸ್, ಟ್ಯಾಗ್ ಎಲ್ಲ ಬೇಕೇ ಬೇಕು.

2. ಬೇಟೆ ತರಬೇತಿ ಚಳಿಗಾಲದಲ್ಲೇ ಮುಗಿಸಿ

1972ರ ಜನವರಿ 1ರ ನಂತರ ಹುಟ್ಟಿದವರು ವಾಷಿಂಗ್ಟನ್‌ನಲ್ಲಿ ಮೊದಲ ಬೇಟೆ ಲೈಸೆನ್ಸ್ ಕೊಳ್ಳಬೇಕಾದರೆ ಬೇಟೆ ಶಿಕ್ಷಣದ ತರಬೇತಿ ಮುಗಿಸಿರಬೇಕು. ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರೂ.

ಜನವರಿಯಿಂದ ಏಪ್ರಿಲ್ ಒಳಗೆ ಇದನ್ನು ಮುಗಿಸಿಬಿಡಿ. ಬೇಸಿಗೆ ಕೊನೆಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ತರಗತಿಯಲ್ಲಿ ಸೀಟು ಸಿಗುವುದಿಲ್ಲ. ಆಗಸ್ಟ್‌ನಲ್ಲಿ ಪರ್ಮಿಟ್ ಕೈಯಲ್ಲಿ ಹಿಡಿದು ತರಗತಿಗೆ ಅಲೆದವರನ್ನು ನೋಡಿದ್ದೇನೆ.

ತರಬೇತಿ ಒಂದು ವರ್ಷಕ್ಕೆ ಮುಂದೂಡುವ ಅವಕಾಶವೂ ಇದೆ, ಜೀವನದಲ್ಲಿ ಒಂದೇ ಸಲ. ಮೂರು ವರ್ಷದಿಂದ ವಾಷಿಂಗ್ಟನ್ ಲೈಸೆನ್ಸ್ ಇಟ್ಟುಕೊಂಡಿರುವ ವಯಸ್ಕರೊಬ್ಬರು ಜೊತೆಗಿರಬೇಕು. ನನ್ನ ಸಲಹೆ ಕೇಳಿದರೆ ಇದು ಬೇಡ. ತರಬೇತಿಯಲ್ಲಿ ಹೇಳಿಕೊಡುವ ಬಂದೂಕಿನ ಶಿಸ್ತು ಮೊದಲ ದಿನದಿಂದಲೇ ಬೇಕು.

3. ಲೈಸೆನ್ಸ್, ಟ್ಯಾಗ್, ಆಯುಧದ ಆಯ್ಕೆ

ಲೈಸೆನ್ಸ್ ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಾರ್ಚ್‌ನಲ್ಲಿ ಕೊಂಡರೆ ತಿಂಗಳೊಳಗೇ ಹೋಯಿತು.

ರಾಜ್ಯದಲ್ಲಿ 90 ದಿನದಿಂದ ಮನೆ ಮಾಡಿಕೊಂಡು ನೆಲೆಸಿರುವವರಿಗೆ ನಿವಾಸಿ ದರ. ಉಳಿದವರಿಗೆ ಅದರ ಹಲವು ಪಟ್ಟು. ಟೆಕ್ಸಸ್‌ನಿಂದ ಕೆಲಸ ಬದಲಿಸಿ ಈಗಷ್ಟೇ ಬಂದಿದ್ದರೆ 90 ದಿನ ಎಣಿಸಿ. ಅಲ್ಲಿನ ನಿವಾಸಿ ಲೈಸೆನ್ಸ್ ಇಟ್ಟುಕೊಂಡೇ ಇಲ್ಲಿಯ ನಿವಾಸಿ ಲೈಸೆನ್ಸೂ ಕೊಳ್ಳುವ ಹಾಗಿಲ್ಲ.

ಜಿಂಕೆಗೂ ಎಲ್ಕ್‌ಗೂ ಬೇರೆ ಬೇರೆ ಟ್ಯಾಗ್. ಟ್ಯಾಗ್ ಕೊಳ್ಳುವಾಗಲೇ ಆಯುಧ ಆರಿಸಬೇಕು: ಆಧುನಿಕ ಬಂದೂಕು, ಬಿಲ್ಲು, ಇಲ್ಲವೇ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು. ಒಂದೊಂದಕ್ಕೂ ಬೇಟೆಯ ದಿನಗಳೇ ಬೇರೆ. ಎಲ್ಕ್‌ಗಾದರೆ ರಾಜ್ಯದ ಪೂರ್ವವೋ ಪಶ್ಚಿಮವೋ ಎಂದೂ ಹೇಳಬೇಕು. ಪೂರ್ವದ ಎಲ್ಕ್ ಟ್ಯಾಗ್ ಕೊಂಡು ಪಶ್ಚಿಮದ ನೆಡುತೋಪಿಗೆ ಪರ್ಮಿಟ್ ಕೊಂಡರೆ ಎರಡೂ ವ್ಯರ್ಥ.

ವಿಶೇಷ ಲಾಟರಿ ಬೇಟೆಗೆ ಅರ್ಜಿ ಹಾಕುವುದಾದರೆ ಕೊನೆಯ ದಿನ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ಅರ್ಜಿ ಹಾಕುವ ಜಾಗಕ್ಕೂ ಕೊಳ್ಳುವ ಪರ್ಮಿಟ್‌ಗೂ ಹೊಂದಾಣಿಕೆ ಇರಲಿ.

4. ನಕ್ಷೆ ಮುಂದೆ ಇಟ್ಟುಕೊಂಡು ಜಾಗ ಆರಿಸಿ

ರಾಜ್ಯ ತನ್ನ ಬೇಟೆ ಪ್ರದೇಶವನ್ನು ಜಿಎಂಯು ಎಂಬ ಘಟಕಗಳಾಗಿ ಹಂಚಿದೆ. ಪ್ರತಿಯೊಂದಕ್ಕೂ ಒಂದು ನಂಬರ್. ಬೇಟೆಯ ದಿನಾಂಕ, ಯಾವ ಪ್ರಾಣಿ, ಕೊಂಬು ಹೇಗಿರಬೇಕು, ಎಲ್ಲ ನಿಯಮವೂ ಆ ನಂಬರಿಗೆ ತಕ್ಕ ಹಾಗೆ. ಕಂಪನಿಯ ಪರ್ಮಿಟ್ ಪ್ರದೇಶದ ಗಡಿ ಬೇರೆ, ಜಿಎಂಯು ಗಡಿ ಬೇರೆ. ವೇಲ್ ಎಂಬ ನೆಡುತೋಪು ಬರುವುದು 667 ಸ್ಕೂಕಮ್‌ಚಕ್‌ನಲ್ಲಿ. ಕಪೌಸಿನ್ ಎಂಬ ಇನ್ನೊಂದು ನೆಡುತೋಪಿನ ಕಡೆ ಹೋದರೆ 654 ಮ್ಯಾಶೆಲ್. ಪಶ್ಚಿಮದ ಹಲವು ಜಿಎಂಯುಗಳಲ್ಲಿ ಗಂಡು ಎಲ್ಕ್ ಹೊಡೆಯಬೇಕಾದರೆ ಕೊಂಬಿಗೆ ಕನಿಷ್ಠ ಮೂರು ಕವಲಿರಬೇಕು.

ನಾನು ಮಾಡುವ ಕ್ರಮ ಇದು. ಕಂಪನಿಯ ತಾಣದಿಂದ ಪರ್ಮಿಟ್ ಪ್ರದೇಶದ ನಕ್ಷೆ ಇಳಿಸಿಕೊಳ್ಳುತ್ತೇನೆ. ಇಲಾಖೆಯ ಜಿಎಂಯು ನಕ್ಷೆ ಪಕ್ಕದಲ್ಲಿ. ಮೂರನೆಯದು ಫೋನಿನಲ್ಲಿ ಆನ್‌ಎಕ್ಸ್‌ನಂಥ ಆ್ಯಪ್, ಯಾವ ತುಂಡು ಯಾರದ್ದು ಅಂತ ತೋರಿಸುತ್ತದೆ. ಮೂರನ್ನೂ ಹೋಲಿಸಿ, ನಾನು ಹೋಗುವ ಗೇಟುಗಳಿಗೆ ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಕಂಪನಿ ಜಮೀನಿನ ನಡುವೆ ರಾಜ್ಯದ ತುಂಡೂ ಖಾಸಗಿ ಮನೆಯವರ ತುಂಡೂ ಸೇರಿಕೊಂಡಿರುತ್ತವೆ. ಕಾಡಿನೊಳಗೆ ಬೇಲಿ ಇರುವುದಿಲ್ಲ, ಗೊತ್ತಾಗುವುದಿಲ್ಲ.

ಆಮೇಲೆ ಒಂದು ಶನಿವಾರ ಗಾಡಿ ತೆಗೆದುಕೊಂಡು ಹೋಗಿ ಗೇಟುಗಳ ಹೊರಗಿನಿಂದ ನೋಡಿ ಬನ್ನಿ. ಮನೆಯಿಂದ ಎಷ್ಟು ಹೊತ್ತು, ಗಾಡಿ ಎಲ್ಲಿ ನಿಲ್ಲಿಸಬಹುದು, ಫೋನ್ ಸಿಗ್ನಲ್ ಎಲ್ಲಿ ಸಾಯುತ್ತದೆ, ಇದೆಲ್ಲ ಆ ದಿನವೇ ತಿಳಿಯುತ್ತದೆ.

ಇಲ್ಲಿ ಒಂದು ಮಾತು. ನಕ್ಷೆ ನೋಡಿದ ಮೇಲೆ ಪರ್ಮಿಟ್ ಬೇಡವೇ ಬೇಡ ಅನ್ನಿಸಬಹುದು. ಗಿಫರ್ಡ್ ಪಿಂಚೋ ರಾಷ್ಟ್ರೀಯ ಅರಣ್ಯವಿದೆ, ರಾಜ್ಯದ ಅರಣ್ಯಗಳಿವೆ. ಖಾಸಗಿ ಜಮೀನಿನವರ ಜೊತೆ ಇಲಾಖೆಯೇ ಒಪ್ಪಂದ ಮಾಡಿಕೊಂಡು ಜನರಿಗೆ ಬಿಟ್ಟ ಜಾಗಗಳೂ ಇವೆ. ಕೆಲವಕ್ಕೆ ಹೆಸರು ಬರೆದಿಟ್ಟರೆ ಸಾಕು, ಕೆಲವಕ್ಕೆ ಮುಂಗಡ ಕಾಯ್ದಿರಿಸಬೇಕು, ಕೆಲವಕ್ಕೆ ಲಿಖಿತ ಒಪ್ಪಿಗೆ ಬೇಕು. ವರ್ಷಕ್ಕೆ ಮೂರ್ನಾಲ್ಕು ದಿನ ಮಾತ್ರ ಹೋಗುವವರಾದರೆ ಮೊದಲ ವರ್ಷ ಇವನ್ನೇ ಬಳಸಿ. ಹತ್ತು ದಿನಕ್ಕಿಂತ ಜಾಸ್ತಿ ಹೋಗುವವರಿಗೆ ಪರ್ಮಿಟ್ ದುಡ್ಡು ಸಾರ್ಥಕ.

5. ಈಗ ದುಡ್ಡು ಕಟ್ಟುವ ಕೆಲಸ

ಮೊದಲು ಬಗೆ ಗೊತ್ತು ಮಾಡಿಕೊಳ್ಳಿ. ಸಾಮಾನ್ಯವಾಗಿ ಮೂರು ಬಗೆ. ಗಾಡಿ ಒಳಗೆ ಬಿಡುವ ಪರ್ಮಿಟ್. ನಡೆದು ಹೋಗುವವರ ಪರ್ಮಿಟ್. ಒಂದು ತುಂಡು ಜಾಗವನ್ನು ಒಂದು ಗುಂಪಿಗೇ ವರ್ಷಕ್ಕೆ ಕೊಡುವ ಗುತ್ತಿಗೆ. ಗಾಡಿಯದ್ದು ದುಬಾರಿ, ಸಂಖ್ಯೆಯೂ ಮಿತ. ನಡಿಗೆಯದ್ದು ಅಗ್ಗ.

ನನ್ನ ಮೊದಲ ವರ್ಷ ನಾನು ಅಗ್ಗದ್ದು ಕೊಂಡೆ. ಹೆಸರು ಸರಿಯಾಗಿ ಓದಲಿಲ್ಲ. ಅಕ್ಟೋಬರ್‌ನ ಮಳೆ, ಬೆಳಗಿನ ಜಾವ ನಾಲ್ಕೂವರೆ, ಜೊತೆಗೆ ಗೆಳೆಯ. ಗೇಟಿನ ಬೀಗ ಅಲ್ಲಿ ಉಕ್ಕಿನ ಡಬ್ಬಿಯೊಳಗೆ ಇರುತ್ತದೆ, ಯಾರೂ ಕತ್ತರಿಸದ ಹಾಗೆ. ಕೆಳಗಿನಿಂದ ಕೈ ತೂರಿಸಿ, ಕಣ್ಣಿಗೆ ಕಾಣದೆ, ಬೆರಳಿನಲ್ಲೇ ತಡಕಬೇಕು. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಡಬ್ಬಿಯ ಮೇಲೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ. ಕಾಲು ಗಂಟೆ ತಡಕಿದೆ. ಬೆರಳು ಮರಗಟ್ಟಿತು. ಆಮೇಲೆ ಪರ್ಮಿಟ್ ಕಾಗದ ತೆಗೆದು ಓದಿದರೆ, ನನ್ನದಕ್ಕೆ ಬೀಗದ ನಂಬರೇ ಇಲ್ಲ. ನಡೆದೇ ಹೋಗಬೇಕು. ನಾನು ಗುರುತು ಹಾಕಿಕೊಂಡಿದ್ದ ಬಯಲು ಅಲ್ಲಿಂದ ಐದು ಮೈಲಿ ಏರು. ಬೆಳಕು ಹರಿದಾಗ ಅರ್ಧ ದಾರಿಯಲ್ಲಿದ್ದೆವು. ಅವತ್ತು ಜಿಂಕೆ ಸಿಗದಿದ್ದದ್ದೇ ಒಳ್ಳೆಯದಾಯಿತು. ಅಷ್ಟು ದೂರದಿಂದ ಹೊತ್ತು ತರುವುದು ನಮ್ಮಿಬ್ಬರಿಂದ ಆಗುತ್ತಿರಲಿಲ್ಲ.

ಕೊಳ್ಳುವ ದಿನದ ಕ್ರಮ ಹೀಗಿರಲಿ.

ಮಾರಾಟ ಶುರುವಾಗುವ ದಿನ ಒಂದೊಂದು ಪ್ರದೇಶಕ್ಕೆ ಒಂದೊಂದು. ಕಂಪನಿಯ ತಾಣದಲ್ಲಿ ವಸಂತಕಾಲದಲ್ಲೇ ನೋಡಿ ಕ್ಯಾಲೆಂಡರಿಗೆ ಹಾಕಿ. ಗಂಟೆಯನ್ನೂ ಬರೆಯಿರಿ, ಯಾವ ಟೈಮ್ ಝೋನ್ ಎಂದೂ ಬರೆಯಿರಿ. ಮೊದಲು ಬಂದವರಿಗೆ ಮೊದಲು. ಬೇಡಿಕೆ ಇರುವ ಜಾಗ ನಿಮಿಷಗಳಲ್ಲಿ ಖಾಲಿ.

ಒಂದು ವಾರ ಮೊದಲೇ ಖಾತೆ ತೆರೆಯಿರಿ. ಹೆಸರು, ವಿಳಾಸ, ಗಾಡಿ ನಂಬರ್, ಲೈಸೆನ್ಸ್ ಪ್ಲೇಟ್‌ನ ರಾಜ್ಯ, ಎಲ್ಲ ತುಂಬಿಡಿ. ಪಾಸ್‌ವರ್ಡ್ ಪರೀಕ್ಷಿಸಿ. ಮಾರಾಟದ ದಿನ ಬೆಳಿಗ್ಗೆ ಹೊಸ ಖಾತೆ ತೆರೆಯಲು ಕೂತವರಿಗೆ ದೃಢೀಕರಣದ ಮೇಲ್ ಬರುವಷ್ಟರಲ್ಲಿ ಪರ್ಮಿಟ್ ಮುಗಿದಿರುತ್ತದೆ.

ಬ್ಯಾಂಕಿಗೂ ಹೇಳಿಡಿ. ಇದ್ದಕ್ಕಿದ್ದಂತೆ ದೊಡ್ಡ ಮೊತ್ತ ಹೋದರೆ ಕೆಲವು ಕಾರ್ಡ್ ತಡೆಹಿಡಿಯುತ್ತದೆ. ಎರಡನೇ ಕಾರ್ಡ್ ಪಕ್ಕದಲ್ಲಿರಲಿ. ಕಾರ್ಟ್‌ಗೆ ಹಾಕಿದ ಮಾತ್ರಕ್ಕೆ ನಿಮ್ಮದಾಯಿತು ಎಂದುಕೊಳ್ಳಬೇಡಿ. ರಸೀದಿ ಬಂದಾಗಲೇ ನಿಮ್ಮದು.

ಹೊಣೆಗಾರಿಕೆಯ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಓದಿ. ಮಾದರಿ ಪ್ರತಿ ಮೊದಲೇ ಸಿಗುತ್ತದೆ, ಹಿಂದಿನ ರಾತ್ರಿ ಕೂತು ಓದಬಹುದು. ಹುಡುಕಬೇಕಾದ್ದು ಇವು: ಪರ್ಮಿಟ್ ಯಾವ ದಿನದಿಂದ ಯಾವ ದಿನದವರೆಗೆ? ಹೆಂಡತಿ, ಗಂಡ, ಮಕ್ಕಳು ಸೇರುತ್ತಾರಾ, ಮಕ್ಕಳಾದರೆ ಎಷ್ಟು ವಯಸ್ಸಿನವರೆಗೆ? ಗೆಳೆಯರನ್ನು ಕರೆದೊಯ್ಯಬಹುದಾ? ಎಷ್ಟು ಗಾಡಿ? ಬ್ಯಾಟರಿ ಸೈಕಲ್ ನಡೆಯುತ್ತದಾ? ಟೆಂಟ್, ಬೆಂಕಿ, ಗುರಿ ಅಭ್ಯಾಸ, ಸೌದೆ ಕಡಿಯುವುದು? ಕಾಡು ಬೆಂಕಿಯ ಭಯದಿಂದ ಮುಚ್ಚಿದರೆ ದುಡ್ಡು ವಾಪಸ್ ಬರುತ್ತದಾ? ಈ ಕೊನೆಯದಕ್ಕೆ ಉತ್ತರ ಬಹುಪಾಲು "ಇಲ್ಲ".

ಮೋಸದ ಗುರುತುಗಳು: ಪರ್ಮಿಟ್ ಮುಗಿದ ಮರುದಿನವೇ ಫೇಸ್‌ಬುಕ್‌ನಲ್ಲಿ "ನನ್ನದು ಬೇಡ, ಅರ್ಧ ಬೆಲೆಗೆ ಕೊಡ್ತೀನಿ" ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಇಂಥ ಪರ್ಮಿಟ್ ಸಾಮಾನ್ಯವಾಗಿ ಇನ್ನೊಬ್ಬರ ಹೆಸರಿಗೆ ಹೋಗುವುದಿಲ್ಲ. ಗೇಟಿನ ನಂಬರ್ ಮಾತ್ರ ಕೊಡುತ್ತೇನೆ ಅನ್ನುವವರು, ಝೆಲ್‌ನಲ್ಲಿ ಅಥವಾ ಗಿಫ್ಟ್ ಕಾರ್ಡ್‌ನಲ್ಲಿ ದುಡ್ಡು ಕೇಳುವವರು, ನಿಮ್ಮ ಹೆಸರಿನ ಒಪ್ಪಂದ ಕೊಡದವರು, ಎಲ್ಲರಿಂದ ದೂರ ಇರಿ. ಬೇರೆಯವರ ನಂಬರಿನಲ್ಲಿ ಒಳಗೆ ಹೋದರೆ ಅದು ಅತಿಕ್ರಮ ಪ್ರವೇಶ. ಮೊಕದ್ದಮೆ ಬೀಳುವುದು ನಿಮ್ಮ ಮೇಲೆ.

6. ಪರ್ಮಿಟ್ ಬಂದ ಮೇಲೆ, ಮೊದಲ ಬೇಟೆಗೆ ಮುನ್ನ

ಅಂಚೆಯಲ್ಲಿ ಬಂದ ಕವರ್ ತೆರೆದು ನೋಡಿ. ಗಾಡಿಯ ಗಾಜಿಗೆ ತೂಗುಹಾಕುವ ಚೀಟಿ ಇದೆಯಾ, ನಂಬರ್ ಸರಿಯಿದೆಯಾ? ಎರಡು ವಾರವಾದರೂ ಬರದಿದ್ದರೆ ಕಂಪನಿಗೆ ಬರೆಯಿರಿ. ಸೆಪ್ಟೆಂಬರ್ ಕೊನೆಯಲ್ಲಿ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.

ಪರ್ಮಿಟ್, ಲೈಸೆನ್ಸ್, ಟ್ಯಾಗ್, ವೀಸಾ ಕಾಗದದ ಪ್ರತಿ, ನಕ್ಷೆ, ಎಲ್ಲ ಒಂದೇ ಜಿಪ್ ಕವರಿನಲ್ಲಿ ಹಾಕಿ. ಒಳಗೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ಕಾಗದವೇ ಗಟ್ಟಿ. ಫೋನಿನ ನಕ್ಷೆಯನ್ನೂ ಮನೆಯಲ್ಲೇ ಇಳಿಸಿಟ್ಟುಕೊಳ್ಳಿ.

ಹೋಗುವ ಹಿಂದಿನ ಸಂಜೆ ಕಂಪನಿಯ ತಾಣದಲ್ಲಿ ಗೇಟಿನ ಸ್ಥಿತಿ ನೋಡಿ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಒಣಗಾಳಿ ಬೀಸಿದರೆ ರಾತ್ರೋರಾತ್ರಿ ಎಲ್ಲ ಮುಚ್ಚುತ್ತಾರೆ. ಬಿಲ್ಲುಬೇಟೆಯವರಿಗೆ ಇದು ಜಾಸ್ತಿ ತಟ್ಟುತ್ತದೆ, ಅವರ ದಿನಗಳು ಸೆಪ್ಟೆಂಬರ್‌ನಲ್ಲೇ ಬರುವುದರಿಂದ. ಗೇಟಿನ ನಂಬರ್ ಬದಲಾಗಿದೆಯಾ ಎಂದೂ ನೋಡಿ.

7. ಗೇಟಿನ ಒಳಗೆ

ಈ ರಸ್ತೆಗಳು ದಿಮ್ಮಿ ಸಾಗಿಸಲು ಮಾಡಿದವು. ತಿರುವಿನಲ್ಲಿ ದಿಮ್ಮಿ ತುಂಬಿದ ಲಾರಿ ಬಂದರೆ ಅದು ನಿಲ್ಲುವುದಿಲ್ಲ, ನಿಲ್ಲಿಸಲು ಆಗುವುದೂ ಇಲ್ಲ. ಹೆಡ್‌ಲೈಟ್ ಹಾಕಿ, ಬಲಬದಿ ಬಿಡಬೇಡಿ, ನಿಧಾನ ಹೋಗಿ. ಗಾಡಿಯಿಂದ ಗಾಡಿಗೆ ಮಾತಾಡುವ ಸಿಬಿ ರೇಡಿಯೋ ಇದ್ದರೆ ಒಳ್ಳೆಯದು. ಯಾವ ಚಾನೆಲ್ ಎಂದು ಗೇಟಿನ ಹತ್ತಿರದ ಬೋರ್ಡಿನಲ್ಲಿ ಇರುತ್ತದೆ. ಚಾಲಕರು ತಾವು ಎಷ್ಟನೇ ಮೈಲಿಯಲ್ಲಿ ಇದ್ದೇವೆ ಎಂದು ಹೇಳುತ್ತಾ ಬರುತ್ತಾರೆ. ಕೇಳಿಸಿಕೊಂಡು ಬದಿಗೆ ನಿಲ್ಲಿ.

ಒಳಗೆ ಹೋದ ಮೇಲೆ ಗೇಟ್ ಹಾಕಿ, ಬೀಗ ಹಾಕಿ, ನಂಬರ್ ಕಲಸಿ. ಹಿಂದೆ ಬರುತ್ತಿರುವವರು ಪರಿಚಿತರಂತೆ ಕೈ ಬೀಸಿದರೂ ತೆರೆದು ಬಿಡಬೇಡಿ. ಅವರೇ ತೆಗೆದುಕೊಂಡು ಬರಲಿ.

ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸಬೇಡಿ, "ಐದು ನಿಮಿಷ" ಆದರೂ ಬೇಡ. ಕಾಡು ಬೆಂಕಿಯ ಗಾಡಿ ಹೋಗಬೇಕಾದ ದಾರಿ ಅದು.

ಆಧುನಿಕ ಬಂದೂಕಿನ ದಿನಗಳಲ್ಲಿ ಎದ್ದು ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಮೈಮೇಲೆ ಕನಿಷ್ಠ 400 ಚದರ ಇಂಚು ಇರಬೇಕು, ಸೊಂಟದ ಮೇಲೆ, ಎಲ್ಲ ಕಡೆಯಿಂದ ಕಾಣುವ ಹಾಗೆ. ಬರೀ ಟೋಪಿ ಸಾಲದು. ಬೆನ್ನಚೀಲ ಹಾಕಿಕೊಂಡಾಗ ಜಾಕೆಟ್ ಮುಚ್ಚಿಹೋಗುತ್ತದೆ, ಹಾಗಾಗಿ ಚೀಲದ ಮೇಲೂ ಒಂದು ತುಂಡು ಬಟ್ಟೆ ಕಟ್ಟಿ.

ಮರ ಕಡಿಯುವ ಕೆಲಸ ನಡೆಯುತ್ತಿರುವ ಕಡೆ, ಯಂತ್ರ ನಿಲ್ಲಿಸಿರುವ ಕಡೆ ಬಂದೂಕು ಎತ್ತಬೇಡಿ. ಭಾನುವಾರವಾದರೂ ಯಾರೋ ಒಬ್ಬರು ರಿಪೇರಿಗೆ ಬಂದಿರುತ್ತಾರೆ.

8. ಹೊಡೆದ ಮೇಲೆ

ಪ್ರಾಣಿ ಬಿದ್ದ ತಕ್ಷಣ, ಫೋಟೋಗೂ ಮುಂಚೆ, ಟ್ಯಾಗ್‌ನಲ್ಲಿ ದಿನ ಮತ್ತು ತಿಂಗಳು ಗುರುತು ಮಾಡಿ ದೇಹಕ್ಕೆ ಕಟ್ಟಿ. ಗಂಡೋ ಹೆಣ್ಣೋ ಎಂದು ತಿಳಿಯುವ ಅಂಗ ಮಾಂಸಕ್ಕೆ ಅಂಟಿಕೊಂಡೇ ಇರಬೇಕು. ಇದನ್ನು ಕತ್ತರಿಸಿ ಎಸೆದು ದಂಡ ಕಟ್ಟಿದವರು ಇದ್ದಾರೆ.

ಗಾಯಗೊಂಡ ಪ್ರಾಣಿ ಪಕ್ಕದವರ ಜಮೀನಿಗೆ ಓಡಿದರೆ ನಿಲ್ಲಿ. ನಿಮ್ಮ ಪರ್ಮಿಟ್ ಅಲ್ಲಿಗೆ ಮುಗಿಯಿತು. ಆ ಜಮೀನಿನವರ ಒಪ್ಪಿಗೆ ಬೇಕು. ಸಿಗದಿದ್ದರೆ ಇಲಾಖೆಯ ಅಧಿಕಾರಿಗೆ ಫೋನ್ ಮಾಡಿ.

ನೈಋತ್ಯ ವಾಷಿಂಗ್ಟನ್‌ನ ಎಲ್ಕ್‌ಗಳಲ್ಲಿ ಗೊರಸಿನ ರೋಗ ಇದೆ. ಎಲ್ಕ್‌ನ ಗೊರಸನ್ನು ಹೊಡೆದ ಜಾಗದಲ್ಲೇ ಬಿಟ್ಟು ಬರಬೇಕು, ಮನೆಗೆ ತರುವ ಹಾಗಿಲ್ಲ. ರೋಗ ಬೇರೆ ಕಡೆ ಹರಡಬಾರದು ಅಂತ. ಕರುಳು, ಚರ್ಮ ಎಲ್ಲ ರಸ್ತೆ ಬದಿ ಅಥವಾ ಗೇಟಿನ ಹತ್ತಿರ ಸುರಿಯಬೇಡಿ. ಮುಂದಿನ ವರ್ಷ ಆ ಗೇಟಿಗೆ ಪರ್ಮಿಟ್ಟೇ ಇಲ್ಲದ ಹಾಗೆ ಆಗುವುದು ಇಂಥ ಕಾರಣಕ್ಕೇ.

ಪಶ್ಚಿಮದ ರೂಸ್‌ವೆಲ್ಟ್ ಎಲ್ಕ್ ದೊಡ್ಡ ಪ್ರಾಣಿ. ಒಬ್ಬರೇ ಹೋಗಬೇಡಿ. ನಡಿಗೆ ಪರ್ಮಿಟ್ ಇದ್ದರೆ ಗೇಟಿನಿಂದ ಎರಡು ಮೈಲಿ ಆಚೆ ಎಲ್ಕ್ ಹೊಡೆಯುವ ಮುಂಚೆ ಮಾಂಸ ಹೊರಲು ನಿಮ್ಮ ಜೊತೆ ಎಷ್ಟು ಬೆನ್ನಿದೆ ಎಂದು ಎಣಿಸಿ.

ಜಿಂಕೆ, ಎಲ್ಕ್ ಟ್ಯಾಗ್ ಕೊಂಡವರು ಏನೂ ಹೊಡೆಯದಿದ್ದರೂ ಜನವರಿ 31ರ ಒಳಗೆ ಇಲಾಖೆಗೆ ವರದಿ ಹಾಕಬೇಕು. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಹಾಕದಿದ್ದರೆ ಮುಂದಿನ ಲೈಸೆನ್ಸ್ ಕೊಳ್ಳುವಾಗ 10 ಡಾಲರ್ ದಂಡ. ಅದೇ ದಿನ ಕೂತು, ಎಷ್ಟು ಸಲ ಗೇಟಿನ ಒಳಗೆ ಹೋದೆ ಎಂದು ಎಣಿಸಿ ಬರೆದಿಡಿ. ಮೇ ತಿಂಗಳಲ್ಲಿ ಮತ್ತೆ ದುಡ್ಡು ಕಟ್ಟಬೇಕಾ ಬೇಡವಾ ಎಂದು ಯೋಚಿಸುವಾಗ ಆ ಲೆಕ್ಕ ಕೈಯಲ್ಲಿರುತ್ತದೆ.